ಕಾವಲುಗಾರನೂ ಹೆಸರಿನ ಪಟ್ಟಿಯೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸರ್ವರ್ ಯಂತ್ರಗಳ ವಿಚಾರವೇಕೆ ಎಂದು ಕೆಲವು ಮಿತ್ರರು ಹುಬ್ಬು ಗಂಟಿಕ್ಕಬಹುದು. ಪದ್ಯ, ಪ್ರವಾಸಕಥನ, ನಗೆಬರಹಗಳ ನಡುವೆ ತಂತಿ ಪೆಟ್ಟಿಗೆಗಳ ಮಾತು ಶೋಭಿಸದೆಂಬುದು ಅವರ ಭಾವನೆಯಾಗಿರಬಹುದು. ಆದರೆ ನಾನು ಹೇಳಹೊರಟಿರುವುದು ಯಂತ್ರದ ವಿಷಯಕ್ಕಿಂತ ಹೆಚ್ಚಾಗಿ ಹೆಸರಿನ ವಿಷಯ. ಹೆಸರೆಂಬುದು ಭಾಷೆಯನ್ನೂ ಚರಿತ್ರೆಯನ್ನೂ ಓದುವವರ ಸ್ವತ್ತು. ಅಲ್ಲದೆ, ಕಿಟಕಿಯ ಮುಂದೆ ಸಾಲು ನಿಂತವರೆಲ್ಲರೂ ಒಂದಲ್ಲ ಒಂದು ದಿನ ಕೇಳಿರುವ ಮಾತು "ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ" ಎಂಬುದು. ಆ ಮಾತು ಕೇಳಿ ಹಿಂದಿರುಗುವವನು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡಿರುತ್ತಾನೆ. ಹಾಗೆ ಕಳೆದುಕೊಂಡವನಿಗೆ, ಆ ದಿನ ಸರ್ವರ್ ನಿಜವಾಗಿಯೂ ಬಿದ್ದಿತ್ತೇ ಎಂದು ಕೇಳುವ ಅಧಿಕಾರವಾದರೂ ಇರಬೇಡವೇ? ಎಷ್ಟೋ ಸಲ ಅದು ಬಿದ್ದಿರುವುದಿಲ್ಲ. ಅದರ ಹೆಸರು ಸಿಕ್ಕಿರುವುದಿಲ್ಲ, ಅಷ್ಟೆ. ಈ ಎರಡನ್ನೂ ಒಂದೇ ಮಾತಿನಲ್ಲಿ ಹೇಳುವುದು ತಪ್ಪೆಂಬುದೇ ನನ್ನ ವಾದ.

ಮೊದಲು ಕಾವಲಿನ ವಿಚಾರ. ಹಿಂದೆ ಹಳ್ಳಿಗಳಲ್ಲಿ ತಳವಾರನು ರಾತ್ರಿ ಗಸ್ತು ತಿರುಗುತ್ತಿದ್ದಂತೆ, ಇಂದು ನಾಲ್ಕಾರು ಯಂತ್ರಗಳಿರುವ ಕಡೆ ಒಂದು ತಂತ್ರಾಂಶವು ಗಸ್ತು ತಿರುಗುತ್ತದೆ. ನಿಮಿಷಕ್ಕೊಮ್ಮೆ ಪ್ರತಿಯೊಂದು ಯಂತ್ರವನ್ನೂ ಕೂಗಿ "ಇದ್ದೀಯಾ?" ಎಂದು ಕೇಳುವುದು, ಉತ್ತರ ಬಂದರೆ ಹಸಿರು, ಬಾರದಿದ್ದರೆ ಕೆಂಪು ತೋರಿಸುವುದು, ಕೆಂಪಾದೊಡನೆ ಮೇಲ್ವಿಚಾರಕರ ಫೋನಿಗೆ ಸುದ್ದಿ ಮುಟ್ಟಿಸುವುದು, ಇಷ್ಟೇ ಅದರ ಮುಖ್ಯ ಕೆಲಸ. ಈಥನ್ ಗಾಲ್‌ಸ್ಟಾಡ್ ಎಂಬಾತ 1999ರಲ್ಲಿ ನೆಟ್‌ಸೇಂಟ್ ಎಂದು ಹೊರತಂದು 2002ರಲ್ಲಿ ಹೆಸರು ಬದಲಿಸಿದ ನ್ಯಾಗಿಯೋಸ್, ಲಾಟ್ವಿಯಾ ದೇಶದ ಅಲೆಕ್ಸೆಯ್ ವ್ಲಾಡಿಶೆವ್ 2001ರಲ್ಲಿ ಬಿಡುಗಡೆ ಮಾಡಿದ ಜ್ಯಾಬಿಕ್ಸ್, 2021ರಲ್ಲಿ ಬಂದ ಅಪ್‌ಟೈಮ್ ಕೂಮಾ, ಇವು ಈ ಜಾತಿಯಲ್ಲಿ ಹೆಸರಾದವು. ಇವನ್ನು ಹಣ ಕೊಡದೆ ಪಡೆದು ತಮ್ಮ ಸ್ವಂತ ಯಂತ್ರದಲ್ಲಿ ತಾವೇ ಸ್ಥಾಪಿಸಿಕೊಳ್ಳಬಹುದು. ತಿಂಗಳ ಬಾಡಿಗೆಯಿಲ್ಲ, ಮನೆಯ ಗುಟ್ಟು ಪರರ ಪಾಲಾಗುವ ಭಯವಿಲ್ಲ. ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಇಲ್ಲವೆಂದೇ ನಾನು ತಿಳಿದಿದ್ದೇನೆ. ಆದುದರಿಂದ ಮುಂದೆ ನಾನು ಆಡುವ ಮಾತುಗಳನ್ನು ಹಗೆಯ ಮಾತೆಂದು ಯಾರೂ ಭಾವಿಸಬಾರದು.

ಇನ್ನು ಹೆಸರಿನ ವಿಚಾರ. ಯಂತ್ರಗಳು ಒಂದನ್ನೊಂದು ಗುರುತಿಸುವುದು 192.168.10.5 ಎಂಬಂಥ ಸಂಖ್ಯೆಯಿಂದ, ಇದನ್ನು ಐ.ಪಿ. ವಿಳಾಸವೆನ್ನುವರು. ಮನುಷ್ಯನ ನಾಲಗೆಗೆ ಸಂಖ್ಯೆ ರುಚಿಸದು; ಅವನಿಗೆ ಹೆಸರು ಬೇಕು. ಆದಕಾರಣ ಹೆಸರು ಹೇಳಿದರೆ ಸಂಖ್ಯೆ ಹುಡುಕಿಕೊಡುವ ಒಂದು ಪಟ್ಟಿ ಎಲ್ಲಿಯಾದರೂ ಇರಲೇಬೇಕು. ಇಂಟರ್‌ನೆಟ್ಟಿನ ಹಿರಿಯಜ್ಜನಾದ ಅರ್ಪಾನೆಟ್ಟಿನ ಕಾಲದಲ್ಲಿ ಈ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯೂ ಆಕೆಯ ಸಂಗಡಿಗರೂ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಒಂದೇ ಕಡತ ಸಾಲದಾಯಿತು. ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ 1983ರಲ್ಲಿ ಆ ಪಟ್ಟಿಯನ್ನು ತುಂಡುತುಂಡಾಗಿ ಹಂಚಿ, ಊರಿನವರ ಹೆಸರುಗಳನ್ನು ಆಯಾ ಊರಿನವರೇ ಬರೆದಿಟ್ಟುಕೊಳ್ಳುವ ಪದ್ಧತಿಯನ್ನು ರೂಪಿಸಿದನು. ಡಿ.ಎನ್.ಎಸ್. ಎಂಬುದು ಅದೇ.

ಈ ಪದ್ಧತಿ ನಮ್ಮವರಿಗೆ ಹೊಸದೇನೂ ಅಲ್ಲ. ಅ.ನ.ಕೃ. ಎಂಬ ಮೂರಕ್ಷರಗಳನ್ನು ಬಿಡಿಸಿ ನೋಡಿರಿ: ಅರಕಲಗೂಡು, ನರಸಿಂಗರಾವ್, ಕೃಷ್ಣರಾವ್. ಮೊದಲು ಊರು, ಅನಂತರ ತಂದೆ, ಕೊನೆಗೆ ವ್ಯಕ್ತಿ. ನಾಡಿನಲ್ಲಿ ಕೃಷ್ಣರಾಯರು ಸಾವಿರ ಮಂದಿ ಇರಬಹುದು. ಊರನ್ನೂ ತಂದೆಯನ್ನೂ ಸೇರಿಸಿದರೆ ಒಬ್ಬರೇ ಉಳಿಯುತ್ತಾರೆ. ಡಿ.ಎನ್.ಎಸ್. ಕೂಡ ಹೀಗೆಯೇ ಚುಕ್ಕೆಯಿಟ್ಟು ಚುಕ್ಕೆಯಿಟ್ಟು ಬರೆಯುತ್ತದೆ. ವ್ಯತ್ಯಾಸವಿಷ್ಟೇ, ಅದು ವ್ಯಕ್ತಿಯಿಂದ ಹೊರಟು ಊರಿಗೆ ಬರುತ್ತದೆ, ಕಾಗದದ ಮೇಲೆ ವಿಳಾಸ ಬರೆದ ಹಾಗೆ.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕಿಂತ ಸೊಗಸಾದ ಇನ್ನೊಂದು ನಿದರ್ಶನವಿದೆ. ನರಸೀಪುರವೆಂಬ ಹೆಸರಿನ ಎರಡು ತಾಲ್ಲೂಕು ಕೇಂದ್ರಗಳು ಪ್ರಸಿದ್ಧವಾಗಿವೆ. ಒಂದು ಹೇಮಾವತಿಯ ದಡದಲ್ಲಿರುವುದು. ಇನ್ನೊಂದು ಮೈಸೂರು ಜಿಲ್ಲೆಯಲ್ಲಿ ಕಾವೇರಿ ಕಪಿಲೆಯರ ಸಂಗಮದಲ್ಲಿರುವುದು. ಹೆಸರು ಹೆಸರಿಗೆ ತೊಡಕಾಗಬಾರದೆಂದು ಜನರು ಒಂದಕ್ಕೆ ಹೊಳೆಯನ್ನು ಸೇರಿಸಿದರು, ಇನ್ನೊಂದಕ್ಕೆ ತಿರುಮಕೂಡಲನ್ನು ಸೇರಿಸಿದರು. ಆದರೂ ದಿನನಿತ್ಯದ ಮಾತಿನಲ್ಲಿ ಮೊಟಕು ಮಾಡುವುದು ಮನುಷ್ಯ ಸ್ವಭಾವ. ಹಾಸನದ ಬಸ್ ನಿಲ್ದಾಣದಲ್ಲಿ ನಿಂತು ಯಾರಾದರೂ ಬರಿದೇ "ನರಸೀಪುರದ ಬಸ್ಸು ಎಲ್ಲಿ ನಿಲ್ಲುತ್ತೆ?" ಎಂದು ಕೇಳಿದರೆ ಹೊಳೆನರಸೀಪುರದ ಬಸ್ಸನ್ನು ತೋರಿಸುವರು, ಮೈಸೂರಿನಲ್ಲಿ ಅದೇ ಪ್ರಶ್ನೆಯನ್ನು ಕೇಳಿದವನು ತಿರುಮಕೂಡಲಿಗೆ ಹೋಗಿ ಇಳಿದಾನು. ಕೇಳಿದ ಮಾತು ಒಂದೇ. ನಿಂತು ಕೇಳಿದ ಸ್ಥಳ ಬೇರೆ.

ಯಂತ್ರಗಳಲ್ಲಿಯೂ ಅಕ್ಷರಶಃ ಹೀಗೆಯೇ ನಡೆಯುತ್ತದೆ. ಪ್ರತಿಯೊಂದು ಯಂತ್ರದಲ್ಲಿಯೂ, ಮೊಟಕು ಹೆಸರು ಬಂದರೆ ಅದರ ಹಿಂದೆ ಯಾವ ಬಾಲವನ್ನು ಸೇರಿಸಿ ಹುಡುಕಬೇಕೆಂದು ಬರೆದಿಟ್ಟಿರುತ್ತಾರೆ. ಇದಕ್ಕೆ ಸರ್ಚ್ ಡೊಮೇನ್ ಎಂದು ಹೆಸರು. ಹಾಸನದ ಕಚೇರಿಯಲ್ಲಿ ಕುಳಿತ ಯಂತ್ರಕ್ಕೆ "ಅರಕಲಗೂಡು" ಎಂದರೆ ಸಾಕು, ತನ್ನ ಸಂಸ್ಥೆಯ ಬಾಲವನ್ನು ತಾನೇ ಅಂಟಿಸಿಕೊಂಡು ಸರಿಯಾದ ಯಂತ್ರವನ್ನು ಹುಡುಕುತ್ತದೆ. ಅದೇ ಕಾವಲು ತಂತ್ರಾಂಶವನ್ನು ಎತ್ತಿ ಬೇರೊಂದು ಯಂತ್ರಕ್ಕೆ ಸಾಗಿಸಿದಿರೋ, ಅಲ್ಲಿ ಆ ಬಾಲದ ಸುದ್ದಿಯೇ ಇರುವುದಿಲ್ಲ. "ಅರಕಲಗೂಡು ಎಂಬ ಹೆಸರಿನವರು ಯಾರೂ ಇಲ್ಲ" ಎಂದು ಉತ್ತರ ಬರುತ್ತದೆ. ಕಾವಲುಗಾರ ಕೆಂಪು ದೀಪ ಹಚ್ಚುತ್ತಾನೆ.

ಇದು ಬರಿಯ ಊಹೆಯಲ್ಲವೆಂದು ತೋರಿಸಲು ಒಂದು ಸಂಗತಿಯನ್ನು ಹೇಳಬೇಕು. ಹಾಸನದಲ್ಲಿ ಮುಖ್ಯ ಕಚೇರಿಯೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಾಖೆಗಳೂ ಇರುವ ಒಂದು ಸಹಕಾರ ಸಂಸ್ಥೆ. ಅದರ ಹೆಸರು ಇಲ್ಲಿ ಬೇಡ. ನಮ್ಮ ಕಾಲೇಜಿನಲ್ಲಿ ಓದಿದ ತರುಣಿಯೊಬ್ಬರು ಅಲ್ಲಿ ಯಂತ್ರಗಳ ಉಸ್ತುವಾರಿ ನೋಡುತ್ತಾರೆ. ಅವರು ಕಲಿತದ್ದು ಅರ್ಥಶಾಸ್ತ್ರ. ಯಂತ್ರದ ವಿದ್ಯೆಯನ್ನು ತಾವಾಗಿಯೇ ಅಭ್ಯಾಸ ಮಾಡಿದವರು. ನಾಲ್ಕು ಊರಿನ ಯಂತ್ರಗಳಿಗೆ ನಾಲ್ಕು ಊರಿನ ಹೆಸರನ್ನೇ ಇಟ್ಟು, ಹಾಸನದಲ್ಲಿ ಕಾವಲು ತಂತ್ರಾಂಶವನ್ನು ಸ್ಥಾಪಿಸಿದ್ದರು. ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಎಲ್ಲವೂ ಮತ್ತೆ ಎದ್ದು ನಿಂತವು. ಮೂಲೆಯಲ್ಲಿದ್ದ ಒಂದು ಸಣ್ಣ ಪೆಟ್ಟಿಗೆ ಮಾತ್ರ ಏಳಲಿಲ್ಲ. ಹೆಸರಿನ ಪಟ್ಟಿ ಇದ್ದದ್ದು ಆ ಪೆಟ್ಟಿಗೆಯಲ್ಲಿ. ಒಂದೇ ನಿಮಿಷದಲ್ಲಿ ಹೊಳೆನರಸೀಪುರ ಕೆಂಪು, ಅರಕಲಗೂಡು ಕೆಂಪು, ಚನ್ನರಾಯಪಟ್ಟಣ ಕೆಂಪು.

ಕಾರ್ಯದರ್ಶಿಗಳ ಫೋನು ಮೂರು ಸಲ ಕಿರುಗುಟ್ಟಿತು. "ಮೂರೂ ಕಡೆ ಹೋಯ್ತಲ್ಲಮ್ಮ!" ಎಂದು ಅವರು ಎದ್ದು ನಿಂತರು.

"ಮೂರೂ ಒಂದೇ ನಿಮಿಷದಲ್ಲಿ ಹೇಗೆ ಹೋಗ್ತವೆ ಸಾರ್? ಹೆಸರು ಸಿಗ್ತಿಲ್ಲ, ಅಷ್ಟೆ" ಎಂದು ಈಕೆ ಹೇಳಿದರು.

ಪರದೆಯ ಮೇಲೆ ಕೆಂಪು ಕಾಣುತ್ತಿರುವಾಗ ಬಾಯಿಮಾತನ್ನು ನಂಬುವವರು ಯಾರು? ಮೂರು ಶಾಖೆಗಳಿಗೂ ಫೋನು ಮಾಡಿ, ಲೆಕ್ಕ ತಪ್ಪೀತು, ವ್ಯವಹಾರ ನಿಲ್ಲಿಸಿರಿ ಎಂದು ಆಜ್ಞೆಯಾಯಿತು. ಅರಕಲಗೂಡಿಗೆ ರೈಲಿಲ್ಲ, ಸುಮಾರು 30 ಕಿಲೋಮೀಟರ್ ದೂರ ಮಳೆಯಲ್ಲಿ ಬಸ್ಸು ಹಿಡಿದು ಒಬ್ಬ ನೌಕರ ಹೋದ. ಅಲ್ಲಿ ಯಂತ್ರ ಸುಖವಾಗಿ ಓಡುತ್ತಿತ್ತು. ಗುಮಾಸ್ತೆ ಇವನನ್ನು ಕಂಡು, "ಇದೇನಣ್ಣ, ಈ ಮಳೇಲಿ ಬಂದೆ?" ಎಂದು ಕಾಫಿ ತರಿಸಿದನಂತೆ. ಇಷ್ಟಾದರೆ ನಕ್ಕು ಬಿಡಬಹುದಿತ್ತು. ಹೊಳೆನರಸೀಪುರದ ಶಾಖೆಯಲ್ಲಿ ಆ ಹೊತ್ತು ಒಬ್ಬ ತಾಯಿ, ಮಗಳ ಪರೀಕ್ಷೆಯ ಫೀಸು ಕಟ್ಟಲು ತನ್ನ ಉಳಿತಾಯದ ಹಣ ತೆಗೆಯಲೆಂದು ಬಂದು ಸಾಲಿನಲ್ಲಿ ನಿಂತಿದ್ದರು. ಅಂದು ದಂಡವಿಲ್ಲದೆ ಕಟ್ಟಲು ಕಡೆಯ ದಿನ. ಹಣ ಇತ್ತು, ಯಂತ್ರ ಇತ್ತು, ಗುಮಾಸ್ತೆ ಇದ್ದ. "ಸರ್ವರ್ ಡೌನ್" ಎಂದು ಹೇಳಿ ಕಳುಹಿಸಿದರು.

ಕಾವಲುಗಾರನಿಗೆ ಬಂದ ಉತ್ತರದಲ್ಲಿ ದೋಷವಿರಲಿಲ್ಲ. ಆ ಉತ್ತರವನ್ನು ಅವನು ವರದಿ ಮಾಡಿದ ಬಗೆಯಲ್ಲಿ ದೋಷವಿತ್ತು ಎಂದು ನಾನು ಹೇಳುತ್ತೇನೆ. ಹೆಸರು ಕೇಳಿದಾಗ ಬರಬಹುದಾದ ನಿರಾಶೆಯ ಉತ್ತರಗಳು ಮುಖ್ಯವಾಗಿ ಎರಡು. ಒಂದು, "ಅಂಥ ಹೆಸರಿನವರು ಇಲ್ಲವೇ ಇಲ್ಲ" ಎಂಬುದು. ಇನ್ನೊಂದು, "ಪಟ್ಟಿ ನೋಡುವವನು ಈಗ ಸಿಗುತ್ತಿಲ್ಲ, ಮತ್ತೆ ಕೇಳು" ಎಂಬುದು. ಅಪ್‌ಟೈಮ್ ಕೂಮಾದಲ್ಲಿ ಮೊದಲನೆಯದಕ್ಕೆ "ನಾಟ್ ಫೌಂಡ್" ಎಂದೂ ಎರಡನೆಯದಕ್ಕೆ "ಎಗೇನ್" ಎಂದೂ ಕೊನೆಯಾಗುವ ಸಂಕೇತಗಳು ಸಣ್ಣ ಅಕ್ಷರದಲ್ಲಿ ಕಾಣುತ್ತವೆ. ಬಲ್ಲವರು ಅದನ್ನು ಓದಿ ಅರ್ಥಮಾಡಿಕೊಳ್ಳಬಹುದು. ಆದರೆ ದೊಡ್ಡದಾಗಿ ಕಾಣುವ ಬಣ್ಣ ಎರಡಕ್ಕೂ ಒಂದೇ, ನಿಜವಾಗಿ ಸತ್ತ ಯಂತ್ರಕ್ಕೆ ಹಚ್ಚುವ ಕೆಂಪು. ಕಾರ್ಯದರ್ಶಿಗಳು ನೋಡುವುದು ಬಣ್ಣವನ್ನು.

ನ್ಯಾಗಿಯೋಸಿನ ನಡತೆ ಇನ್ನೂ ವಿಚಿತ್ರ. ಅದರಲ್ಲಿ "ತಿಳಿಯದು" ಎಂಬ ಒಂದು ಸ್ಥಿತಿಯನ್ನು ಆಲೋಚಿಸಿಯೇ ಇಟ್ಟಿದ್ದಾರೆ. ಆದರೆ ಅದು ಯಂತ್ರದೊಳಗಿನ ಸೇವೆಗಳಿಗೆ ಮಾತ್ರ ಸಲ್ಲುತ್ತದೆ. ಯಂತ್ರವನ್ನೇ ಕುರಿತು "ತಿಳಿಯದು" ಎಂದು ಪರೀಕ್ಷಕನು ಉತ್ತರ ತಂದರೆ, ಒಡೆಯನು ಅದನ್ನು "ಬಿದ್ದಿದೆ" ಎಂಬ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ! ಅದರ ಕೈಪಿಡಿಯಲ್ಲಿಯೇ, ಸಂಖ್ಯೆಯ ಬದಲು ಹೆಸರು ಕೊಟ್ಟರೆ ಡಿ.ಎನ್.ಎಸ್. ಇಲ್ಲದ ಹೊತ್ತಿನಲ್ಲಿ ತೊಂದರೆಯಾದೀತೆಂದು ಎಚ್ಚರಿಸಿದ್ದಾರೆ. ಜೊತೆಗೆ, ವಿಳಾಸದ ಜಾಗವನ್ನು ಖಾಲಿ ಬಿಟ್ಟರೆ ಹೆಸರನ್ನೇ ವಿಳಾಸವಾಗಿ ತೆಗೆದುಕೊಳ್ಳುವುದೆಂದೂ ಹೇಳಿದ್ದಾರೆ. ಹಳ್ಳವಿದೆಯೆಂದು ಫಲಕ ನೆಟ್ಟು, ದಾರಿಯನ್ನು ಹಳ್ಳದ ಮೇಲೆಯೇ ಬಿಟ್ಟಂತಾಯಿತು.

ಪಕ್ಕದ ಮನೆಯ ಬಾಗಿಲು ತಟ್ಟಲು ದಾರಿ ತಿಳಿಯದವನು ಹಿಂದಿರುಗಿ ಬಂದು, "ಮನೆಯವರು ತೀರಿಕೊಂಡರು" ಎಂದು ಸಾರಿದರೆ ಅವನನ್ನು ಏನೆನ್ನುವಿರಿ?

ಇದು ಹಾಸನದಂಥ ಊರಿನ ಬಡ ಸಂಸ್ಥೆಗಳ ಪಾಡೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ನಮ್ಮ ಕಡೆ ಒಂಬತ್ತು ಗಂಟೆಯ ಮೇಲೆ ವಾಟ್ಸಾಪು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತು ಸುಮಾರು ಆರು ಗಂಟೆಗಳ ಕಾಲ ಜಗತ್ತಿಗೆ ಕಾಣದಾದದ್ದು ಅನೇಕರ ನೆನಪಿನಲ್ಲಿರಬಹುದು. ದುರಸ್ತಿಯ ಕಾಲದಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಆ ಸಂಸ್ಥೆಯ ಒಳಜಾಲ ಕಡಿದುಹೋಯಿತು. ಆಗ ಅದರ ಹೆಸರಿನ ಸರ್ವರುಗಳು, ತಮಗೆ ಹೇಳಿಕೊಟ್ಟ ಪಾಠದಂತೆ, ಹೊರಜಗತ್ತಿನಿಂದ ತಮ್ಮ ದಾರಿಯನ್ನು ತಾವೇ ಹಿಂತೆಗೆದುಕೊಂಡವು. ಆ ಸರ್ವರುಗಳು ಜೀವಂತವಾಗಿಯೇ ಇದ್ದವು. ಅವನ್ನು ತಲಪುವ ದಾರಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ದೋಷವನ್ನು ಪತ್ತೆಹಚ್ಚಲು ಅವರ ಇಂಜಿನಿಯರುಗಳು ಬಳಸುತ್ತಿದ್ದ ಒಳಗಿನ ಸಾಧನಗಳಲ್ಲಿ ಅನೇಕವು ಅದೇ ಹೆಸರಿನ ಪಟ್ಟಿಯನ್ನು ನಂಬಿಕೊಂಡಿದ್ದವು. ಕಳ್ಳ ನುಗ್ಗಿದ ಮನೆಯಲ್ಲಿಯೇ ತಳವಾರನ ದೀಪವನ್ನೂ ಇಟ್ಟಿದ್ದಂತಾಯಿತು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಸರ್ವರುಗಳನ್ನು ಬಾಡಿಗೆಗೆ ಪಡೆದ ಅಸಂಖ್ಯಾತ ಸಂಸ್ಥೆಗಳು ತೊಂದರೆಗೀಡಾದದ್ದಕ್ಕೂ ಮೂಲವೆಂದರೆ, ಅವರ ಒಂದು ಮುಖ್ಯ ಸೇವೆಯ ಹೆಸರಿನ ಮುಂದೆ ವಿಳಾಸವೇ ಇಲ್ಲದಂತೆ ಪಟ್ಟಿ ಬರಿದಾದದ್ದು. ಸಹಸ್ರಾರು ಇಂಜಿನಿಯರುಗಳಿರುವ ಕಡೆ ಹೀಗಾಗಬಹುದಾದರೆ, ಒಬ್ಬ ತರುಣಿ ನಾಲ್ಕು ಊರನ್ನು ನೋಡಿಕೊಳ್ಳುವ ಕಡೆ ಆಗದಿದ್ದೀತೇ?

ಈ ಪೀಡೆಯೇ ಬೇಡ, ಹೆಸರುಗಳನ್ನು ಕಿತ್ತುಹಾಕಿ ಬರಿಯ ಸಂಖ್ಯೆಗಳನ್ನೇ ಬರೆಯಿರಿ ಎನ್ನುವ ಒಂದು ಪಂಗಡವಿದೆ. ಅನುಭವಸ್ಥರೇ ಅನೇಕರು ಹೀಗೆ ಹೇಳುವುದರಿಂದ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮಳೆಯ ದಿನದ ಅವಾಂತರವಾದ ಮೇಲೆ ಆ ಸಹಕಾರ ಸಂಸ್ಥೆಯ ಕಾರ್ಯದರ್ಶಿಗಳು ಹೊರಡಿಸಿದ್ದೂ ಇದೇ ಆಜ್ಞೆಯನ್ನು. ಆ ತರುಣಿಯ ಮನಸ್ಸಿಗೆ ಒಪ್ಪದಿದ್ದರೂ ಹಾಗೆಯೇ ಮಾಡಲಾಯಿತು. ಕೆಲವು ತಿಂಗಳು ಎಲ್ಲವೂ ಹಸಿರು.

ಅನಂತರ ಚನ್ನರಾಯಪಟ್ಟಣದ ಶಾಖೆಯಲ್ಲಿ ಹೊಸ ರೌಟರು ಬಂದಿತು. ಸ್ಥಾಪಿಸಿದವನು ಯಂತ್ರಗಳಿಗೆಲ್ಲ ಹೊಸದಾಗಿ ಸಂಖ್ಯೆ ಹಂಚಿದನು. ಹೆಸರಿನ ಪಟ್ಟಿಯಲ್ಲಿ ಅದಕ್ಕೆ ತಕ್ಕ ತಿದ್ದುಪಡಿಯೂ ಆಯಿತು. ಆದರೆ ಕಾವಲುಗಾರನು ಈಗ ಹೆಸರಿನ ಪಟ್ಟಿಯನ್ನು ನೋಡುವವನಲ್ಲವಲ್ಲ! ಅವನು ಹಳೆಯ ಸಂಖ್ಯೆಯ ಬಾಗಿಲನ್ನೇ ತಟ್ಟುತ್ತಿದ್ದ. ಒಳಗಿನಿಂದ "ಇದ್ದೇನೆ" ಎಂಬ ಉತ್ತರವೂ ಬರುತ್ತಿತ್ತು. ಉತ್ತರ ಕೊಡುತ್ತಿದ್ದುದು ಆ ಸಂಖ್ಯೆಯನ್ನು ಪಡೆದಿದ್ದ ಪ್ರಿಂಟರು. ಪ್ರತಿ ರಾತ್ರಿ ಲೆಕ್ಕಪತ್ರಗಳ ನಕಲನ್ನು ತೆಗೆದಿಡುತ್ತಿದ್ದ ಯಂತ್ರ, ಹಗಲಿನಲ್ಲಿ ಯಾರೂ ಅದರ ಮುಖ ನೋಡುತ್ತಿರಲಿಲ್ಲ, ಯಾವಾಗಲೋ ಕೆಟ್ಟು ನಿಂತಿತ್ತು. ಎಂಟು ದಿನಗಳ ನಕಲು ಇಲ್ಲ. ಪರದೆಯ ಮೇಲೆ ಚನ್ನರಾಯಪಟ್ಟಣ ಹಸುರಾಗಿ ಕಂಗೊಳಿಸುತ್ತಿತ್ತು.

ಬದುಕಿರುವವನನ್ನು ಸತ್ತನೆನ್ನುವುದಕ್ಕಿಂತ ಸತ್ತವನನ್ನು ಬದುಕಿದ್ದಾನೆನ್ನುವುದು ಹೆಚ್ಚು ಅಪಾಯಕರ. ಮೊದಲನೆಯದನ್ನು ಒಂದು ಬಸ್ ಪ್ರಯಾಣದಿಂದ ತಿಳಿಯಬಹುದು. ಎರಡನೆಯದು ಬೇಕಾದ ದಿನದವರೆಗೆ ತಿಳಿಯುವುದೇ ಇಲ್ಲ. ಪಿಂಗ್ ಎಂಬ ಪರೀಕ್ಷೆ "ಯಾರಾದರೂ ಇದ್ದೀರಾ?" ಎಂದು ಕೇಳುತ್ತದೆಯೇ ಹೊರತು "ನೀವು ಯಾರು?" ಎಂದು ಕೇಳುವುದಿಲ್ಲ. ಅಲ್ಲದೆ, ಗುಮಾಸ್ತೆಯೂ ಗಿರಾಕಿಯೂ ಯಂತ್ರವನ್ನು ಕರೆಯುವುದು ಹೆಸರಿನಿಂದ. ಹೆಸರು ಕೆಟ್ಟ ದಿನ ಅವರ ಪಾಲಿಗೆ ಯಂತ್ರ ಇದ್ದೂ ಇಲ್ಲದ ಹಾಗೆ. ಸಂಖ್ಯೆಯನ್ನು ಮಾತ್ರ ನೋಡುವ ಕಾವಲುಗಾರ ಅಂದು ಎಲ್ಲವೂ ಕ್ಷೇಮವೆಂದು ವರದಿ ಕೊಡುತ್ತಾನೆ. ಆದಕಾರಣ ಹೆಸರನ್ನು ಕಿತ್ತುಹಾಕುವ ಪಂಗಡದವರನ್ನು ನಾನು ಒಪ್ಪಲಾರೆ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ, ಕಾವಲಿನ ಪಟ್ಟಿಯಲ್ಲಿ ಮೊಟ್ಟಮೊದಲು ಬರೆಯಬೇಕಾದದ್ದು ಹೆಸರಿನ ಸರ್ವರನ್ನೇ, ಅದನ್ನು ಸಂಖ್ಯೆಯಿಂದಲೇ ಕೂಗಬೇಕು, ಕೂಗಿ "ಅರಕಲಗೂಡು ಎಲ್ಲಿದೆ?" ಎಂದು ಪ್ರಶ್ನಿಸಿ ಉತ್ತರ ಸರಿಯೇ ಎಂದು ನೋಡಬೇಕು. ಈ ಬಗೆಯ ಪ್ರಶ್ನೆ ಕೇಳುವ ಸೌಕರ್ಯ ನಾನು ಹೆಸರಿಸಿದ ಮೂರು ತಂತ್ರಾಂಶಗಳಲ್ಲಿಯೂ ಉಂಟು, ಉಪಯೋಗಿಸುವವರು ಕಡಮೆ. ಅದು ಬಿದ್ದಾಗ ಉಳಿದ ಊರುಗಳ ಕೂಗನ್ನು ತಡೆಹಿಡಿದು ಒಂದೇ ಸುದ್ದಿಯನ್ನು ಕಳುಹಿಸುವಂತೆ ಜ್ಯಾಬಿಕ್ಸಿನಲ್ಲಿ ಏರ್ಪಡಿಸಲೂ ಬರುತ್ತದೆ. ಅನಂತರ ಪ್ರತಿಯೊಂದು ಯಂತ್ರಕ್ಕೂ ಸಂಖ್ಯೆಯಿಂದ ಒಂದು, ಹೆಸರಿನಿಂದ ಒಂದು, ಹೀಗೆ ಎರಡು ಕಾವಲು. ಎರಡೂ ಬಿದ್ದರೆ ಯಂತ್ರವನ್ನೂ ದಾರಿಯನ್ನೂ ನೋಡಿರಿ. ಹೆಸರು ಮಾತ್ರ ಬಿದ್ದರೆ ಪಟ್ಟಿಯನ್ನು ನೋಡಿರಿ. ಕೆಲಸ ಇಮ್ಮಡಿಯಾಯಿತೆಂದು ಗೊಣಗುವವರು ಅರಕಲಗೂಡಿನ ಬಸ್ಸನ್ನು ನೆನೆದುಕೊಳ್ಳಲಿ.

ಇಷ್ಟು ಮಾಡಿದರೂ ಸಣ್ಣಪುಟ್ಟ ಕೀಟಲೆಗಳು ಉಳಿಯುತ್ತವೆ. ಇತ್ತೀಚೆಗೆ ಇಂಥ ತಂತ್ರಾಂಶಗಳನ್ನು ಡಾಕರ್ ಎಂಬುದರ ಸಹಾಯದಿಂದ ಕಂಟೇನರಿನಲ್ಲಿ, ಅಂದರೆ ಯಂತ್ರದೊಳಗೆ ಕಟ್ಟಿದ ಇನ್ನೊಂದು ಕೋಣೆಯಲ್ಲಿ, ಇಡುವ ರೂಢಿ ಬಂದಿದೆ. ಯಂತ್ರದ ಹೋಸ್ಟ್ಸ್ ಕಡತದಲ್ಲಿ ಹೊಳೆನರಸೀಪುರದ ವಿಳಾಸವನ್ನು ಬರೆದು ಪಿಂಗ್ ಮಾಡಿ ನೋಡಿದರೆ ಉತ್ತರ ಬರುತ್ತದೆ. ಕಾವಲು ತಂತ್ರಾಂಶ ಮಾತ್ರ "ಅಂಥ ಹೆಸರಿಲ್ಲ" ಎನ್ನುತ್ತದೆ. ಕೋಣೆಯೊಳಗಿನವನಿಗೆ ಅವನದೇ ಬೇರೆ ಕಡತ. ಹಜಾರದ ಗೋಡೆಗೆ ಅಂಟಿಸಿದ ಪಟ್ಟಿ ಅವನಿಗೆ ಕಾಣದು. ಇದನ್ನರಿಯದೆ ಇಡೀ ರಾತ್ರಿ ತಲೆ ಚಚ್ಚಿಕೊಂಡವರನ್ನು ನಾನು ಬಲ್ಲೆ. ಇನ್ನೊಂದು, ತಾಳ್ಮೆಯ ವಿಷಯ. ಲಿನಕ್ಸ್ ಯಂತ್ರವು ಹೆಸರಿನ ಮೊದಲನೆಯ ಸರ್ವರಿನ ಉತ್ತರಕ್ಕಾಗಿ ವಾಡಿಕೆಯಂತೆ 5 ಸೆಕೆಂಡು ಕಾದು ಆಮೇಲೆ ಎರಡನೆಯದನ್ನು ಕೇಳುತ್ತದೆ. ಕಾವಲುಗಾರನ ತಾಳ್ಮೆಯನ್ನು 3 ಸೆಕೆಂಡಿಗೆ ಕಟ್ಟಿದ್ದರೆ ಎರಡನೆಯವನ ಸರದಿ ಬರುವ ಮೊದಲೇ ಅವನು ಬೇಸತ್ತು ಕೆಂಪು ಬಳಿದಿರುತ್ತಾನೆ. ಎರಡೆರಡು ಸರ್ವರುಗಳನ್ನು ಇಟ್ಟುಕೊಂಡದ್ದೂ ವ್ಯರ್ಥ. ಮತ್ತೂ ಒಂದು: ಹೆಸರಿನ ಸರ್ವರುಗಳು "ಇಲ್ಲ" ಎಂಬ ಉತ್ತರವನ್ನೂ ಸ್ವಲ್ಪ ಕಾಲ ನೆನಪಿನಲ್ಲಿಟ್ಟುಕೊಳ್ಳುತ್ತವೆ. ಪಟ್ಟಿಯನ್ನು ತಿದ್ದಿದ ಮೇಲೂ ಹಳೆಯ "ಇಲ್ಲ"ವೇ ಕೇಳಿಬರುತ್ತದೆ. ತಿದ್ದಿದವನು ತನ್ನ ತಿದ್ದುಪಡಿಯನ್ನೇ ಸಂಶಯಿಸಿ ಮತ್ತೆ ಕೆಡಿಸುವುದು ಈ ಹೊತ್ತಿನಲ್ಲಿಯೇ.

ಕೊನೆಯದಾಗಿ ಕಾಗುಣಿತ. ಯಂತ್ರಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ರೂಢಿಯಾದ್ದರಿಂದ ನಮ್ಮ ಊರುಗಳ ಗತಿ ಕೇಳುವಂತಿಲ್ಲ. ಹೊಳೆನರಸೀಪುರವನ್ನು ಕೊನೆಗೆ ಎ ಇಟ್ಟು ಬರೆಯುವವರುಂಟು, ಇಡದೆ ಬರೆಯುವವರುಂಟು, ನಡುವಿನ ಸ್ವರವೊಂದನ್ನು ನುಂಗುವವರುಂಟು. ಅರಕಲಗೂಡು ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಕೆಲವು ಸ್ವರಗಳನ್ನು ದಾರಿಯಲ್ಲಿಯೇ ಬೀಳಿಸಿಕೊಂಡಿರುತ್ತದೆ. ಜ್ಯಾಬಿಕ್ಸಿನಲ್ಲಿ, ಶಾಖೆಯ ಯಂತ್ರವು ತಾನಾಗಿಯೇ ವರದಿ ಕಳುಹಿಸುವ ಏರ್ಪಾಡಿದ್ದರೆ, ಅದು ತನ್ನ ಹೆಸರನ್ನು ಹೇಗೆ ಬರೆಯುತ್ತದೆಯೋ ಮುಖ್ಯ ಕಚೇರಿಯಲ್ಲಿಯೂ ಅಕ್ಷರ ಅಕ್ಷರವಾಗಿ ಹಾಗೆಯೇ ಬರೆದಿರಬೇಕು. ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೂ ಸಲ್ಲದು. ಡಿ.ಎನ್.ಎಸ್. ಆದರೋ ದೊಡ್ಡಕ್ಷರ ಚಿಕ್ಕಕ್ಷರವೆಂದು ಎಣಿಸುವುದೇ ಇಲ್ಲ. ಒಂದು ಉದಾರಿ, ಒಂದು ಮಡಿವಂತ. ಡಿ.ಎನ್.ಎಸ್. ಕಂಡುಹಿಡಿದ ಹೆಸರನ್ನು ಜ್ಯಾಬಿಕ್ಸು "ಕಂಡಿಲ್ಲ" ಎನ್ನುವುದು ಹೀಗೆ.

ಇದಕ್ಕೂ ಒಂದು ಉಪಾಯವನ್ನು ಅದೇ ತಂತ್ರಾಂಶ ಒದಗಿಸಿದೆ. ಯಂತ್ರಕ್ಕಾಗಿ ಒಂದು ಹೆಸರು, ಜನರ ಕಣ್ಣಿಗಾಗಿ ಇನ್ನೊಂದು ಹೆಸರು. ಎರಡನೆಯದನ್ನು ಕನ್ನಡದಲ್ಲಿಯೇ "ಹೊಳೆನರಸೀಪುರ" ಎಂದು ಬರೆಯಬಹುದು. ರೈಲ್ವೆಯವರು ಇದನ್ನು ಚೆನ್ನಾಗಿ ಬಲ್ಲರು. ಬೆಂಗಳೂರಿನ ದೊಡ್ಡ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟ ಮೇಲೂ ಅವರ ಲೆಕ್ಕದಲ್ಲಿ ಅದರ ಸಂಕೇತ ಹಿಂದಿನ ಎಸ್.ಬಿ.ಸಿ.ಯೇ. ಜನ ಫಲಕವನ್ನು ಓದುತ್ತಾರೆ, ಟಿಕೆಟ್ಟಿನ ಯಂತ್ರ ಸಂಕೇತವನ್ನು ಓದುತ್ತದೆ, ಯಾರಿಗೂ ನೋವಿಲ್ಲ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಣೆಗೆ ತಕ್ಕಂತೆ ಬದಲಾದಾಗ, ಊರಿನ ಹೆಸರನ್ನೇ ಸರ್ವರಿಗೆ ಇಟ್ಟವರ ಮುಂದೆ ಎರಡು ದಾರಿಗಳಿದ್ದವು: ಎಲ್ಲ ಕಡೆಯೂ ತಿದ್ದುವುದು, ಇಲ್ಲವೇ ಫಲಕವನ್ನು ಮಾತ್ರ ಬದಲಿಸಿ ಸಂಕೇತವನ್ನು ಹಾಗೆಯೇ ಬಿಡುವುದು. ಎರಡನೆಯದೇ ವಿವೇಕವೆಂದು ನನಗೆ ತೋರುತ್ತದೆ. ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ನಮ್ಮವರಿಗೆ ಆ ತೊಂದರೆ ತಪ್ಪಿತು.

ಸಹಕಾರ ಸಂಸ್ಥೆಯಲ್ಲಿ ಈಗ ಹೆಸರಿನ ಸರ್ವರಿನ ಪೆಟ್ಟಿಗೆಗೆ ಪ್ರತ್ಯೇಕ ಬ್ಯಾಟರಿ ಬಂದಿದೆ; ಯಂತ್ರಕ್ಕೆ ಎರಡೆರಡು ಕಾವಲೂ ಆಗಿವೆ. ಹೆಸರು ಸಿಗದಾಗ ಕಾರ್ಯದರ್ಶಿಗಳ ಫೋನಿಗೆ "ಹೆಸರಿನ ಪಟ್ಟಿ ಸಿಗುತ್ತಿಲ್ಲ, ಶಾಖೆಗಳು ಕೆಲಸ ಮುಂದುವರಿಸಬಹುದು" ಎಂಬ ಕನ್ನಡದ ಸಂದೇಶ ಹೋಗುವಂತೆ ಆ ತರುಣಿ ಏರ್ಪಡಿಸಿದ್ದಾರೆ. ಚನ್ನರಾಯಪಟ್ಟಣವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಸಿ.ಎಚ್. ಆದ ಮೇಲೆ ಎ ಬರಬೇಕೋ ಇ ಬರಬೇಕೋ ಎಂಬ ಪ್ರಶ್ನೆ ಮಾತ್ರ ಆಡಳಿತ ಮಂಡಳಿಯ ಮುಂದಿನ ಸಭೆಗೆ ಹೋಗಿದೆ.